ಗಾಳಿ ಇರಲಿಲ್ಲ

ಫೆಬ್ರವರಿ 11

ಬೆಳಗಿನಿಂದ ಬಡಗಣ ಗಾಳಿ. ಬಂದರಿನ ಕ್ರೇನುಗಳೆಲ್ಲ ನಿಂತಿವೆ. ಉಳಿದವರು ಇಳಿದು ಹೋಗಿ ಕ್ಯಾಂಟೀನಿನಲ್ಲಿ ಕೂತಿದ್ದಾರೆ. ನಾನೊಬ್ಬಳೇ ಮೇಲೆ, ನನ್ನ ಕ್ರೇನಿನ ಗಾಜಿನ ಗೂಡಿನಲ್ಲಿ, ಕಾಲ ಕೆಳಗೆ ಸಣ್ಣ ಹೀಟರ್ ಇಟ್ಟುಕೊಂಡು ಬರೆಯುತ್ತಿದ್ದೇನೆ. ಕೆಳಗಿನಿಂದ ಗವ್ರಿಲ್ ರೇಡಿಯೊದಲ್ಲಿ ಕೂಗಿದ.

"ಮಹಾರಾಣಿ ಇಳಿಯೋದಿಲ್ವೇನು? ಬೀನ್ಸ್ ಸಾರು ಬಿಸಿ ಇದೆ, ಹೊಗೆ ಹಾಕಿದ ಮಾಂಸಾನೂ ಬಿದ್ದಿದೆ."

"ಇಲ್ಲಿಂದ ಸಮುದ್ರ ಚೆನ್ನಾಗಿ ಕಾಣುತ್ತೆ. ಕೆಳಗಿರೋ ಇರುವೆಗಳು ನೀವು ತಿನ್ನಿ."

ನಿಜ ಹೇಳಬೇಕೆಂದರೆ ಸಮುದ್ರ ಕಾಣುತ್ತಿರಲಿಲ್ಲ. ಬರೀ ಬೂದು ಬಣ್ಣ. ಇಳಿದರೆ ಮತ್ತೆ ಹತ್ತಬೇಕು, ಅಷ್ಟೆ. ಚಳಿಯಲ್ಲಿ ಕಬ್ಬಿಣದ ಏಣಿ ಕೈಗವಸಿನೊಳಗಿಂದಲೇ ಕಚ್ಚುತ್ತದೆ. ಇಂದು ಬೆಳಿಗ್ಗೆ ಹತ್ತುವಾಗ ನಡುವಿನ ಅಟ್ಟಣೆಯಲ್ಲಿ ನಿಲ್ಲಬೇಕಾಯಿತು. ಬೂಟಿನ ದಾರ ಕಟ್ಟುವವಳಂತೆ ಬಗ್ಗಿದೆ. ಕೆಳಗಿನಿಂದ ಯಾರಾದರೂ ನೋಡಿದ್ದರೆ ಹಾಗೇ ಅಂದುಕೊಂಡಿರುತ್ತಾರೆ. ವಯಸ್ಸು ನಲವತ್ತು ದಾಟಿತು, ಸಿಗರೇಟೂ ಇದೆ. ಸಿಗರೇಟು ಬಿಡಬೇಕು.

ಕ್ರಿಸ್ಮಸ್ ಆದಮೇಲೆ ಮತ್ತೆ ರಕ್ತ ಹೋಗಲು ಶುರುವಾಗಿದೆ. ಇದನ್ನು ಇಲ್ಲಿ ಮಾತ್ರ ಬರೆಯುತ್ತಿದ್ದೇನೆ. ಆರು ವರ್ಷದ ಕೆಳಗೆ ದೊಡ್ಡ ಕರುಳಿನಲ್ಲಿ ಹುಣ್ಣು, ಉರಿಯೂತ, ಇದು ಹೋಗಿ ಬಂದು ಮಾಡುವ ಕಾಯಿಲೆ ಎಂದಿದ್ದರು. ಹೋಗಿತ್ತು, ಬಂದಿದೆ. ಹೋಗುತ್ತದೆ. ಕ್ರೇನಿನ ಮೇಲೆ ಶೌಚಾಲಯವಿಲ್ಲ. ಬಂದರಿನ ಗಂಡಸರ ನಡುವೆ ಕ್ರೇನ್ ನಡೆಸುವ ಹೆಂಗಸು ನಾನೊಬ್ಬಳು. ಗಳಿಗೆಗೊಮ್ಮೆ ಹೊಟ್ಟೆ ಹಿಡಿದುಕೊಂಡು ಇಳಿದರೆ ಇವರ ನಾಲಗೆಗೆ ವರ್ಷವಿಡೀ ಕೆಲಸ ಸಿಗುತ್ತದೆ. ಅದಕ್ಕೆ ಪಾಳಿಯ ಹಿಂದಿನ ಸಂಜೆಯಿಂದಲೇ ತಿನ್ನುವುದನ್ನು ಬಿಟ್ಟಿದ್ದೇನೆ. ಖಾಲಿ ಹೊಟ್ಟೆ ಕೈಕೊಡುವುದಿಲ್ಲ. ಈ ಉಪಾಯ ಹೊಳೆದ ಮೇಲೆ ನೆಮ್ಮದಿಯಾಗಿದೆ.

ಫೆಬ್ರವರಿ 17

ಭಾನುವಾರ. ಅತ್ತೆ ಮರೂಶಾ ಚರ್ಚಿನಿಂದ ಬಂದಾಗ ನಾನು ಫ್ರಿಜ್ಜಿನ ಮುಂದೆ ಕುಳಿತು ಒಳಗೆ ಕಟ್ಟಿದ್ದ ಹಿಮವನ್ನು ಚಮಚದಿಂದ ಕೆರೆದು ತಿನ್ನುತ್ತಿದ್ದೆ.

"ಫೆಬ್ರವರಿ ತಿಂಗಳಲ್ಲಿ ಐಸ್ ತಿಂತಿದ್ದೀಯಲ್ಲೇ! ಬಸುರಿಯೇನೇ ನೀನು?"

"ನಿಮ್ಮ ಮಗ ಹಡಗಿನಲ್ಲಿದ್ದಾನೆ ಅತ್ತೆ. ಶರತ್ಕಾಲದಿಂದ."

"ಅದಕ್ಕೇ ಕೇಳಿದ್ದು."

ಇಬ್ಬರೂ ನಕ್ಕೆವು. ಆಮೇಲೆ ಅವರು ನನ್ನ ಕೆಳಗಿನ ರೆಪ್ಪೆಯನ್ನು ಹೆಬ್ಬೆರಳಿನಿಂದ ಎಳೆದು ನೋಡಿದರು. ಕುರಿ ಕೊಳ್ಳುವವರು ಮೈಯಲ್ಲಿ ರಕ್ತವಿದೆಯೇ ಎಂದು ನೋಡುವ ಹಾಗೆ. ಅವರ ತಂದೆಯ ಕಾಲದಲ್ಲಿ ಮನೆ ತುಂಬ ಕುರಿಗಳಿದ್ದವಂತೆ. "ಇಂಥದ್ದನ್ನ ನಮ್ಮಪ್ಪ ಕೊಳ್ತಿರಲಿಲ್ಲ" ಎಂದು ಹೇಳಿ ಅಡುಗೆಮನೆಗೆ ಹೋದರು.

ಸಂಜೆ ಯಾನಿ ಫೋನ್ ಮಾಡಿದ್ದ. ಹಡಗು ಮಾಲ್ಟಾ ದಾಟಿದೆಯಂತೆ. ಹೇಗಿದ್ದೀ ಎಂದ. ಚೆನ್ನಾಗಿದ್ದೇನೆ ಎಂದೆ. ಸಮುದ್ರದ ನಡುವೆ ಇರುವವನಿಗೆ ಇನ್ನೇನು ಹೇಳುವುದು?

ಮಾರ್ಚ್ 1

ವಸಂತದ ಮೊದಲ ದಿನ. ಗವ್ರಿಲ್ ಏಣಿಯ ಬುಡದಲ್ಲಿ ಕಾದು ನಿಂತು, ಈ ದಿನ ಎಲ್ಲ ಗಂಡಸರೂ ಎಲ್ಲ ಹೆಂಗಸರಿಗೂ ಕೊಡುವ ಕೆಂಪು ಬಿಳಿ ದಾರದ ಕುಚ್ಚನ್ನು ನನ್ನ ಜಾಕೀಟಿಗೆ ಸಿಕ್ಕಿಸಿದ. ಒಂಬತ್ತು ವರ್ಷದಿಂದ ನನ್ನ ಕೊಕ್ಕೆಯ ಕೆಳಗೆ ನಿಂತು ಕೈಸನ್ನೆ ಮಾಡುತ್ತಿರುವವನು. ಮೇಲಿನಿಂದ ನನಗೆ ಕಾಣದ ಜಾಗದಲ್ಲಿ ಅವನ ಕೈಯೇ ನನ್ನ ಕಣ್ಣು.

"ನಿಂಗೆ ಕೆಂಪು ಜಾಸ್ತಿ ಇರೋದನ್ನೇ ಆರಿಸಿದೆ. ಮುಖ ಸುಣ್ಣದ ಗೋಡೆ ಆಗಿದೆ, ಸ್ಟೆರಿಯಾನಾ."

"ಪೌಡರ್."

"ನೀನು? ಪೌಡರ್?"

ಬೇಗ ಹತ್ತಿಬಿಟ್ಟೆ, ಇನ್ನೇನೂ ಕೇಳಬಾರದೆಂದು. ಮೇಲೆ ಹೋಗಿ ಕುರ್ಚಿಯಲ್ಲಿ ಕೂತರೂ ಎದೆಬಡಿತ ತಗ್ಗಲೇ ಇಲ್ಲ. ಗಾಜಿನ ಮೇಲೆ ನನ್ನ ಉಸಿರು ಹಬೆ ಕಟ್ಟಿ ಎದುರಿಗೆ ಏನೂ ಕಾಣಲಿಲ್ಲ. ಹೀಟರ್ ಹಾಳಾಗಿರಬೇಕು.

ವರ್ಷಕ್ಕೊಮ್ಮೆಯ ವೈದ್ಯಕೀಯ ತಪಾಸಣೆ ಮುಂದಿನ ವಾರ. ಅದಿಲ್ಲದೆ ಮೇಲೆ ಬಿಡುವುದಿಲ್ಲ.

ಮಾರ್ಚ್ 8

ಗೆದ್ದೆ! ಪಾಲಿಕ್ಲಿನಿಕ್ಕಿನಲ್ಲಿ ಮೊನ್ನೆ ರಕ್ತ ತೆಗೆದುಕೊಂಡಿದ್ದರು, ಇಂದು ಫಲಿತಾಂಶ. ಡಾಕ್ಟರು ವಯಸ್ಸಾದವರು, ಒಳ್ಳೆಯವರು. ಹೊರಗೆ ಜನ ಗೋಡೆಗೆ ಒರಗಿ ನಿಂತಿದ್ದರು. ಡಾಕ್ಟರು ಕಾಗದವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು.

"ಹೀಮೋಗ್ಲೋಬಿನ್ ಒಂಬತ್ತೂವರೆ. ಕಡಿಮೆ ಆಯ್ತಲ್ಲಮ್ಮ. ಹನ್ನೆರಡರ ಮೇಲಿರಬೇಕು."

ಅವರು ಬೆರಳನ್ನು ಕೆಳಗೆ ಇಳಿಸಿದರು.

"ಫೆರಿಟಿನ್ ಎಪ್ಪತ್ತೊಂದು. ಇದು ಸರಿಯಾಗಿದೆ. ಅಂದ್ರೆ ಮೈಯಲ್ಲಿ ಕಬ್ಬಿಣದ ದಾಸ್ತಾನು ಇದೆ. ಹಳೇ ಕಡತದಲ್ಲಿ ಕರುಳಿನ ಕಾಯಿಲೆ ಅಂತ ಇದೆಯಲ್ಲ, ಈಗ ಹೊಟ್ಟೆ ಹೇಗಿದೆ?"

"ಕಲ್ಲು ತಿಂದ್ರೂ ಕರಗುತ್ತೆ ಡಾಕ್ಟ್ರೇ."

"ರಕ್ತ ಗಿಕ್ತ?"

"ಇಲ್ಲ."

"ಹಾಗಾದ್ರೆ ಮುಟ್ಟಿನ ಏರುಪೇರಿರಬಹುದು, ದಣಿವಿರಬಹುದು. ಚೆನ್ನಾಗಿ ತಿನ್ನಿ, ನಿದ್ದೆ ಮಾಡಿ. ಬೇಸಿಗೆಯಲ್ಲಿ ಇನ್ನೊಮ್ಮೆ ನೋಡೋಣ." ಕೆಲಸಕ್ಕೆ ಅಡ್ಡಿಯಿಲ್ಲ ಎಂದು ಸಹಿ ಹಾಕಿದರು.

ಎಪ್ಪತ್ತೊಂದು! ಬಸ್ಸಿನಲ್ಲಿ ಬರುವಾಗಲೆಲ್ಲ ಅದನ್ನೇ ಹೇಳಿಕೊಂಡೆ. ರಕ್ತ ಸುಳ್ಳು ಹೇಳುವುದಿಲ್ಲ. ಕಬ್ಬಿಣ ಸಾಕಷ್ಟಿದೆ ಎಂದಮೇಲೆ ಈ ಸುಸ್ತೆಲ್ಲ ತಲೆಯೊಳಗಿನದು. ಇಂದು ಮಹಿಳಾ ದಿನ, ಕ್ಯಾಂಟೀನಿನಲ್ಲಿ ನನಗೂ ಅಡುಗೆಯವಳಿಗೂ ಹೂ ಕೊಟ್ಟರು. ಪಾಳಿಯ ಮುಖ್ಯಸ್ಥ ತನಾಸೆ ಭಾಷಣ ಮಾಡಿದ: "ನಮ್ಮ ಸ್ಟೆರಿಯಾನಾ ಹತ್ತು ಗಂಡಸರಿಗೆ ಸಮ." ಚಪ್ಪಾಳೆ ತಟ್ಟಿದರು. ಕೇಕಿನ ತುಂಡನ್ನು ಕರವಸ್ತ್ರದಲ್ಲಿ ಸುತ್ತಿ ಕಿಸೆಗೆ ಹಾಕಿಕೊಂಡೆ. ನಾಳೆ ಬೆಳಗಿನ ಪಾಳಿ ಇದೆ.

ಮಾರ್ಚ್ 15

ಈಸ್ಟರಿನ ಮುಂಚಿನ ಉಪವಾಸ ಶುರುವಾಗಿದೆ. ಮನೆಯಲ್ಲಿ ಮಾಂಸ, ಬೆಣ್ಣೆ, ಮೊಟ್ಟೆ ಒಂದೂ ಇಲ್ಲ. ಆದರೂ ಅತ್ತೆ ಈರುಳ್ಳಿ ಹಾಕಿ ಯಕೃತ್ತು ಹುರಿದು ನನ್ನ ಮುಂದೆ ಇಟ್ಟರು. ಅರವತ್ತು ವರ್ಷದಲ್ಲಿ ಒಮ್ಮೆಯೂ ಉಪವಾಸ ಮುರಿದವರಲ್ಲ.

"ಪಾಪ ಅಲ್ವಾ ಅತ್ತೆ?"

"ದೇವರಿಗೆ ನಾನು ಉತ್ತರ ಕೊಡ್ತೀನಿ. ನೀನು ಬಾಯಿಮುಚ್ಚಿಕೊಂಡು ತಿನ್ನು."

ಬಾಯಿಮುಚ್ಚಿಕೊಂಡು ಹೇಗೆ ತಿನ್ನುವುದು ಎಂದೆ. ನಗಲಿಲ್ಲ. ಬೀಟ್‌ರೂಟ್ ರಸ, ತುರಚಿ ಸೊಪ್ಪಿನ ಪಲ್ಯ, ದಿನವೂ ಒಂದೊಂದು. ಅವರು ಅಂಗಳಕ್ಕೆ ಹೋದಾಗ ಯಕೃತ್ತನ್ನು ಬೆಕ್ಕಿಗೆ ಹಾಕಿದೆ. ನಾಳೆ ಪಾಳಿ.

ಮಾರ್ಚ್ 19

ಹತ್ತಿದೆ. ಇಳಿದೆ. ಮಲಗಿದೆ.

ಮಾರ್ಚ್ 22

ಗವ್ರಿಲ್‌ನ ಮೇಲೆ ರೇಡಿಯೊದಲ್ಲಿ ಕೂಗಾಡಿದೆ. ಅವನು ಮಾಡಿದ್ದು ಏನೂ ಇಲ್ಲ. "ಸ್ವಲ್ಪ ಎಡಕ್ಕೆ" ಎಂದ, ನನಗೆ ಸರಿಯಾಗಿ ಕೇಳಿಸಲಿಲ್ಲ. "ಬಾಯಲ್ಲಿ ಬ್ರೆಡ್ಡು ಇಟ್ಟುಕೊಂಡು ಮಾತಾಡಬೇಡ" ಎಂದೆ. ಇಡೀ ಬಂದರು ಕೇಳಿತು. ರೇಡಿಯೊ ಕೆಟ್ಟಿದೆ ಎಂದು ತನಾಸೆಗೆ ದೂರು ಕೊಟ್ಟೆ. ಒಳಗೆ ಧಕ್ ಧಕ್ ಎಂದು ಸದ್ದು ಬರುತ್ತಲೇ ಇರುತ್ತದೆ. ಬೇರೆ ರೇಡಿಯೊ ಕೊಟ್ಟರು. ಅದರಲ್ಲೂ ಅದೇ ಸದ್ದು.

ಮಾರ್ಚ್ 27

ಗವ್ರಿಲ್‌ಗೆ ಪೆಟ್ಟಾಗಿದೆ. ಬದುಕಿದ್ದಾನೆ.

ಮಾರ್ಚ್ 28

ಬರೆದುಬಿಡಬೇಕು.

ಬಿಸಿಲಿತ್ತು. ಸಮುದ್ರ ಎಣ್ಣೆ ಸುರಿದಂತೆ ಸಪಾಟಾಗಿತ್ತು. ಈಜಿಪ್ಟಿಗೆ ಹೋಗುವ ಹಡಗಿಗೆ ಹಲಗೆ ತುಂಬುತ್ತಿದ್ದೆವು. ಗವ್ರಿಲ್ ಡೆಕ್ಕಿನ ಮೇಲೆ, ಸರಕು ಇಳಿಸುವ ತೆರೆದ ಉಗ್ರಾಣದ ಅಂಚಿನಲ್ಲಿ ನಿಂತಿದ್ದ. ಹಲಗೆಯ ಕಟ್ಟು ಎತ್ತಿದೆ, ತಿರುಗಿಸಿದೆ, ಹಡಗಿನ ಮೇಲಕ್ಕೆ ತಂದೆ. ಇಲ್ಲಿಯವರೆಗೆ ನೆನಪಿದೆ. ಆಮೇಲೆ ಗಾಜಿನ ಅಂಚುಗಳಿಂದ ಕಪ್ಪು ಒಳಗೆ ಹರಿದು ಬಂತು. ಕಿವಿಯಲ್ಲಿ ಆ ಸದ್ದು. ಕಣ್ಣು ಮುಚ್ಚಿರಲಿಲ್ಲ. ಆದರೆ ಕಣ್ಣಿನ ಹಿಂದೆ ನಾನಿರಲಿಲ್ಲ.

ಮತ್ತೆ ಬೆಳಕು ಬಂದಾಗ ಕಟ್ಟು ನಿಲ್ಲಬೇಕಾದ ಜಾಗ ದಾಟಿ ಹೋಗಿತ್ತು. ನನ್ನ ಕೈ ಹಿಡಿಕೆಯನ್ನು ಒತ್ತಿಕೊಂಡೇ ಇತ್ತು. ಗವ್ರಿಲ್ ನೆಗೆದಿದ್ದಾನೆ, ಪೂರ್ತಿ ತಪ್ಪಿಸಿಕೊಳ್ಳಲಾಗಿಲ್ಲ. ಕಟ್ಟಿನ ತುದಿ ಭುಜಕ್ಕೆ ತಗುಲಿ ಅವನನ್ನು ಡೆಕ್ಕಿನ ಅಂಚಿನ ಕಂಬಿಗೆ ಎಸೆದಿತ್ತು. ಒಂದು ಗೇಣು ಆಚೆ ನಿಂತಿದ್ದರೆ ಉಗ್ರಾಣದ ತಳಕ್ಕೆ ಬೀಳುತ್ತಿದ್ದ.

ಹೇಗೆ ಇಳಿದೆನೋ ಗೊತ್ತಿಲ್ಲ. ಅವನ ಹೆಲ್ಮೆಟ್ ಡೆಕ್ಕಿನ ಮೇಲೆ ಮಗುಚಿ ಬಿದ್ದಿತ್ತು.

ಕತ್ತಿನ ಕೆಳಗಿನ ಎಲುಬು ಮುರಿದಿದೆ, ಎರಡು ಪಕ್ಕೆಲುಬು ಬಿರುಕು ಬಿಟ್ಟಿವೆ.

ಮಾರ್ಚ್ 29

ವಿಚಾರಣೆ ಮುಗಿಯಿತು. ಸುರಕ್ಷತಾ ಅಧಿಕಾರಿ ಬಂದಿದ್ದ, ಕ್ರೇನನ್ನು ಪರೀಕ್ಷಿಸಿದರು, ಬ್ರೇಕು ಸರಿಯಾಗಿದೆ. ನನ್ನನ್ನು ಕೇಳಿದಾಗ "ಕಟ್ಟು ಇದ್ದಕ್ಕಿದ್ದಂತೆ ತೂಗಾಡಿತು" ಎಂದೆ. ತನಾಸೆ ನನ್ನ ಬೆನ್ನು ತಟ್ಟಿದ.

"ಗಾಳಿ. ಒಮ್ಮೊಮ್ಮೆ ಬರುತ್ತೆ, ಒಂದೇ ಒಂದು ಬೀಸು, ಎಲ್ಲಿಂದ ಬಂತು ಅಂತ ಯಾರಿಗೂ ಗೊತ್ತಾಗಲ್ಲ. ಹಾಗೇ ಮುಗಿಸಿದ್ದೀವಿ. ನೀನು ತಲೆ ಕೆಡಿಸ್ಕೋಬೇಡ."

"ಹೂಂ" ಎಂದೆ.

ಯಾರ ಮೇಲೂ ತಪ್ಪು ಬಂದಿಲ್ಲ. ಎಲ್ಲರಿಗೂ ಒಳ್ಳೆಯದು.

ಮಾರ್ಚ್ 30

ಆಸ್ಪತ್ರೆಗೆ ಹೋಗಿದ್ದೆ. ಗವ್ರಿಲ್‌ನ ಹೆಂಡತಿ ಲೆನೂತ್ಸಾ ಹಾಸಿಗೆಯ ಪಕ್ಕ ಕಿತ್ತಳೆ ಸುಲಿಯುತ್ತಿದ್ದಳು. ನನ್ನನ್ನು ನೋಡಿ ಎದ್ದು ನಿಂತು ಅಪ್ಪಿಕೊಂಡಳು.

"ಪಾಪ, ನಿನಗೂ ಎಷ್ಟು ಹೆದರಿಕೆ ಆಗಿರಬೇಕು. ಹಾಳು ಗಾಳಿ!"

ಅವಳು ನೀರು ತರಲು ಹೋದಳು. ಗವ್ರಿಲ್ ಛಾವಣಿ ನೋಡುತ್ತ ಮಲಗಿದ್ದ.

"ಗಾಳಿ ಅಂತೆ" ಎಂದ.

ನಾನು ಕಿತ್ತಳೆ ಸಿಪ್ಪೆಗಳನ್ನು ಒಟ್ಟುಮಾಡಿದೆ.

"ಕೈ ಎತ್ತಿದೆ, ನಿಲ್ಲಿಸು ಅಂತ. ರೇಡಿಯೊದಲ್ಲೂ ಕೂಗಿದೆ. ಮತ್ತೆ ಕೂಗಿದೆ. ನೀನು ಯಾವತ್ತೂ ಎರಡನೇ ಸಲ ಕೂಗಿಸಿಕೊಂಡವಳಲ್ಲ."

"ಅವರಿಗೆ ಯಾಕೆ ಹೇಳಲಿಲ್ಲ ನೀನು?"

"ನಾನ್ಯಾಕೆ ಹೇಳಲಿ? ನೀನು ಹೇಳ್ತೀಯ ಅಂತ ಕಾದೆ."

ಲೆನೂತ್ಸಾ ನೀರು ತಂದಳು. ನನಗೂ ಒಂದು ಲೋಟ ಕೊಟ್ಟಳು. ಕುಡಿದೆ. ದಾರಿಯಲ್ಲಿ ಹೂ ಮಾರುವವಳ ಅಂಗಡಿಯ ಹಿಂದೆ ನಿಂತು ವಾಂತಿ ಮಾಡಿದೆ.

ಏಪ್ರಿಲ್ 1

ಬೆಳಿಗ್ಗೆ ಪಾಳಿ ಶುರುವಾಗುವ ಮುಂಚೆ ತನಾಸೆಯ ಕೋಣೆಗೆ ಹೋದೆ. ಬಾಗಿಲು ಹಾಕಿಕೊಂಡೆ.

"ಗಾಳಿ ಇರಲಿಲ್ಲ" ಎಂದೆ.

"ಇವತ್ತು ಏಪ್ರಿಲ್ ಒಂದು. ತಮಾಷೆ ಬೇಡ."

"ನನ್ನ ಕಣ್ಣಿಗೆ ಕತ್ತಲೆ ಬಂತು. ಅವನು ಕೂಗಿದ್ದು ಕೇಳಿಸಲಿಲ್ಲ. ಕ್ರಿಸ್ಮಸ್‌ನಿಂದ ನನಗೆ ಹಿಂದುಗಡೆಯಿಂದ ರಕ್ತ ಹೋಗ್ತಿದೆ."

ಅವನು ಕಿವಿ ಕೆಂಪಾಗಿ ಕಿಟಕಿಯ ಕಡೆ ನೋಡಿದ. ಇಷ್ಟು ದೊಡ್ಡ ಗಂಡಸು! ಸ್ವಲ್ಪ ಹೊತ್ತಿನ ಮೇಲೆ ಸಿಟ್ಟು ಬಂತು ಅವನಿಗೆ, ನಿಜವಾದ ಸಿಟ್ಟು.

"ಡಾಕ್ಟರ ಸಹಿ ತಂದು ನನ್ನ ಮೇಜಿನ ಮೇಲೆ ಇಟ್ಟೆಯಲ್ಲೇ! ಅವನು ಸತ್ತಿದ್ರೆ?"

"ಗೊತ್ತು."

"ಏನು ಗೊತ್ತು ನಿನಗೆ? ಇಳಿ ಕೆಳಗೆ!"

ನಾನು ಆಗಲೇ ಕೆಳಗಿದ್ದೆ. ಹಾಗೆ ಹೇಳಲಿಲ್ಲ. ಕ್ರೇನಿನಿಂದ ತೆಗೆದಿದ್ದಾರೆ. ಹಗ್ಗ, ಕೊಕ್ಕೆ ಇಡುವ ಶೆಡ್ಡಿನಲ್ಲಿ ಕೂರಬೇಕು. ಕರುಳಿನ ತಜ್ಞರ ಹತ್ತಿರ ಹೋಗದೆ ಮುಂದಿನ ಮಾತಿಲ್ಲ. ಮಧ್ಯಾಹ್ನದೊಳಗೆ ಸುದ್ದಿ ಎಲ್ಲರಿಗೂ ತಲುಪಿತು. ಕ್ಯಾಂಟೀನಿನಲ್ಲಿ ನಾನು ಕೂತ ಬೆಂಚಿನಲ್ಲಿ ಯಾರೂ ಕೂರಲಿಲ್ಲ. ಲೆನೂತ್ಸಾಗೂ ತಲುಪಿರುತ್ತದೆ.

ಏಪ್ರಿಲ್ 4

ಕರುಳಿನ ತಜ್ಞೆ ಡಾಕ್ಟರ್ ವ್ರಾಬಿಯೆ ನನಗಿಂತ ಚಿಕ್ಕವಳು, ತೆಳ್ಳಗೆ, ಮಾತು ಚಾಕುವಿನ ಹಾಗೆ. ನಾನು ಎಪ್ಪತ್ತೊಂದರ ಕಾಗದವನ್ನು ಮುಂದಿಟ್ಟೆ. ಅಷ್ಟಾದ ಮೇಲೂ ಒಳಗೊಳಗೆ ಅದೇ ನನ್ನ ಆಸರೆಯಾಗಿತ್ತು.

"ಈ ರಕ್ತ ಕೊಟ್ಟಾಗ ಕಾಯಿಲೆ ಎದ್ದಿತ್ತಾ?"

"ಎದ್ದಿತ್ತು."

"ಆ ಡಾಕ್ಟರಿಗೆ ಹೇಳಿದ್ರಾ?"

"ಇಲ್ಲ."

"ಅವರು ಕೇಳಲಿಲ್ವಾ?"

"ಕೇಳಿದ್ರು."

ಅವಳು ಪೆನ್ನು ಕೆಳಗಿಟ್ಟಳು. "ನೋಡಿ, ಫೆರಿಟಿನ್ ಅನ್ನೋದು ಎರಡು ಕಾರಣಕ್ಕೆ ಏರುತ್ತೆ. ಕಬ್ಬಿಣ ಇದ್ದಾಗ ಏರುತ್ತೆ. ಮೈಯಲ್ಲಿ ಎಲ್ಲಾದರೂ ಉರಿಯೂತ ಇದ್ದಾಗಲೂ ಏರುತ್ತೆ. ಆರೋಗ್ಯವಾಗಿರೋರಲ್ಲಿ ಎಪ್ಪತ್ತೊಂದು ಸರಿ. ಕರುಳು ಉರೀತಿರೋರಲ್ಲಿ ನೂರರ ಕೆಳಗಿದ್ರೂ ನಾವು ಕೊರತೆ ಅಂತಲೇ ಅನುಮಾನ ಪಡ್ತೀವಿ. ಅವರಿಗೆ ನೀವು ಅರ್ಧ ಮಾತ್ರ ಕೊಟ್ರಿ. ಅರ್ಧ ಇಟ್ಟುಕೊಂಡು ಅವರು ಹೇಳಿದ್ದು ಸರಿಯಾಗೇ ಇತ್ತು."

"ಅಂದ್ರೆ ರಕ್ತವೂ ಸುಳ್ಳು ಹೇಳುತ್ತಾ?"

"ರಕ್ತ ಹೇಳಲಿಲ್ಲ."

ಕಿವಿಯವರೆಗೂ ಬಿಸಿಯಾಯಿತು. ಇಷ್ಟು ಕಡಿಮೆ ರಕ್ತದಲ್ಲೂ ಮುಖ ಕೆಂಪೇರುತ್ತದೆ ಎಂದು ಗೊತ್ತಿರಲಿಲ್ಲ.

ಸಾಲಾಗಿ ನಳಿಕೆಗಳನ್ನು ತುಂಬಿಸಿಕೊಂಡರು. ಉರಿಯೂತ ನೋಡಲು ಒಂದು, ಸಿ ಆರ್ ಪಿ ಎಂದು. ಕಬ್ಬಿಣವನ್ನು ಹೊತ್ತುಕೊಂಡು ಹೋಗುವ ವಸ್ತು ಎಷ್ಟು ತುಂಬಿದೆ ಎಂದು ನೋಡಲು ಇನ್ನೊಂದು. ಬಿ ಹನ್ನೆರಡು, ಫೋಲೇಟ್, ಹೊಸ ರಕ್ತಕಣ ಹುಟ್ಟುತ್ತಿವೆಯೇ ಎಂದು ಮತ್ತೊಂದು. ಇದ್ದ ರಕ್ತವನ್ನೂ ತೆಗೆದುಕೊಂಡರೆ ನನಗೇನು ಉಳಿಯುತ್ತದೆ ಎಂದೆ. ನರ್ಸ್ ನಕ್ಕಳು, ಡಾಕ್ಟರ್ ನಗಲಿಲ್ಲ.

ಏಪ್ರಿಲ್ 8

ಹೀಮೋಗ್ಲೋಬಿನ್ ಎಂಟು ಪಾಯಿಂಟ್ ಏಳಕ್ಕೆ ಇಳಿದಿದೆ. ಸಿ ಆರ್ ಪಿ ಮೂವತ್ತೆಂಟು, ಐದರ ಒಳಗಿರಬೇಕಂತೆ. ಬಿ ಹನ್ನೆರಡು ಸರಿಯಿದೆ, ಫೋಲೇಟೂ ಸರಿಯಿದೆ. ಕಬ್ಬಿಣ ಹೊರುವ ವಸ್ತು ನೂರರಲ್ಲಿ ಎಂಟು ಪಾಲು ಮಾತ್ರ ತುಂಬಿದೆ. ಇಪ್ಪತ್ತಾದರೂ ಇರಬೇಕಂತೆ.

"ಎರಡೂ ಸೇರಿದೆ" ಎಂದಳು ಡಾಕ್ಟರ್. "ರಕ್ತ ಹೋಗಿ ಹೋಗಿ ಕಬ್ಬಿಣ ಖಾಲಿಯಾಗಿದೆ. ಉಳಿದ ಸ್ವಲ್ಪವನ್ನೂ ಉರಿಯೂತ ಬೀಗ ಹಾಕಿ ಇಟ್ಟಿದೆ, ಬಳಸಲು ಬಿಡ್ತಿಲ್ಲ. ಮಾತ್ರೆ ಕೊಟ್ರೆ ಕರುಳು ತಗೊಳ್ಳಲ್ಲ, ಇನ್ನಷ್ಟು ಕೆರಳುತ್ತೆ. ನರಕ್ಕೇ ಕೊಡಬೇಕು. ಜೊತೆಗೆ ಕರುಳಿನ ಉರಿ ಆರಿಸಬೇಕು. ಒಂದನ್ನೇ ಮಾಡಿದ್ರೆ ಪ್ರಯೋಜನ ಇಲ್ಲ."

"ಯಕೃತ್ತು, ಬೀಟ್‌ರೂಟು?"

"ಯಾರು ಮಾಡಿಕೊಡ್ತಾರೆ?"

"ಅತ್ತೆ."

"ಪುಣ್ಯ ಮಾಡಿದ್ದೀರಿ. ತಿನ್ನಿ. ಆದರೆ ಅದರಿಂದ ಮೇಲೇಳೋ ಹಂತ ದಾಟಿದ್ದೀರಿ." ಆಮೇಲೆ ಕಾಗದದಿಂದ ಕಣ್ಣೆತ್ತದೆ ಕೇಳಿದಳು, "ಬೆಳಿಗ್ಗೆ ಏನು ತಿಂತೀರಿ?"

ಏನೋ ಒಂದು ಹೇಳಲು ಬಾಯಿ ತೆರೆದೆ. "ಏನೂ ಇಲ್ಲ" ಎಂದೆ. ಯಾಕೆ ಎಂದು ಕೇಳಿದಳು. ಹೇಳಿದೆ. ಏಣಿ, ಗಂಡಸರು, ಶೌಚಾಲಯ, ಎಲ್ಲ. ಹೊರಗೆ ಜನ ಕಾಯುತ್ತಿದ್ದರು. ಅವಳು ಅವಸರ ಮಾಡಲಿಲ್ಲ.

ಏಪ್ರಿಲ್ 10

ಕಪ್ಪು ಕಾಫಿಯ ಬಣ್ಣದ ದ್ರವ ತೋಳಿನೊಳಗೆ ಇಳಿಯುವುದನ್ನು ನೋಡುತ್ತ ಕುಳಿತೆ. ಅತ್ತೆ ಜೊತೆಗೆ ಬಂದಿದ್ದರು. ಬೇಡವೆಂದರೂ ಬಂದಿದ್ದರು.

"ಅದೇನದು?"

"ಕಬ್ಬಿಣ."

"ಕರಗಿಸಿದ್ದಾ? ಹಡಗಿನ ತುಕ್ಕಿನ ಹಾಗಿದೆಯಲ್ಲೇ!" ಎಂದು ಶಿಲುಬೆಯ ಗುರುತು ಮಾಡಿಕೊಂಡರು. ಪಕ್ಕದ ಕುರ್ಚಿಯ ಮುದುಕ ಜೋರಾಗಿ ನಕ್ಕ. ಅವನಿಗೂ ಕರುಳಿನದೇ ಕಾಯಿಲೆ. ಶಾಲಾಮಾಸ್ತರನಾಗಿದ್ದನಂತೆ, ಪಾಠದ ನಡುವೆ ಓಡಿಹೋಗುತ್ತಿದ್ದುದಕ್ಕೆ ಮಕ್ಕಳು ಅವನಿಗೆ "ಎಕ್ಸ್‌ಪ್ರೆಸ್" ಎಂದು ಹೆಸರಿಟ್ಟಿದ್ದರಂತೆ. ಇದನ್ನೆಲ್ಲ ಪರಿಚಯವಿಲ್ಲದ ಇಬ್ಬರು ಹೆಂಗಸರ ಮುಂದೆ, ಹವಾಮಾನ ಹೇಳುವ ಹಾಗೆ ಹೇಳಿದ. ಅತ್ತೆ ಅವನಿಗೆ ತಮ್ಮ ಪಾಲಕ್ ಪೈ ಅರ್ಧ ಕೊಟ್ಟರು.

ಏಪ್ರಿಲ್ 13

ಲೆನೂತ್ಸಾ ಮಾರುಕಟ್ಟೆಯಲ್ಲಿ ಎದುರಾದಳು. ಮುಖ ತಿರುಗಿಸಿಕೊಂಡು ಹೋದಳು. ಸ್ವಲ್ಪ ದೂರ ಹೋಗಿ ತಿರುಗಿ ಬಂದಳು.

"ಆಸ್ಪತ್ರೇಲಿ ನಾನು ನಿನ್ನನ್ನ ಅಪ್ಪಿಕೊಂಡಿದ್ದೆ" ಎಂದಳು. ಅಷ್ಟೇ ಹೇಳಿ ಹೋದಳು.

ಈರುಳ್ಳಿ ಕೊಳ್ಳುವುದು ಮರೆತು ಮನೆಗೆ ಬಂದೆ.

ಏಪ್ರಿಲ್ 19

ಉರಿಯೂತಕ್ಕೆ ಕೊಟ್ಟ ಮಾತ್ರೆಗಳಿಂದ ಮುಖ ಊದಿದೆ, ಹಸಿವು ತೋಳದ ಹಾಗೆ. ರಕ್ತ ಹೋಗುವುದು ಕಡಿಮೆಯಾಗಿದೆ, ನಿಂತಿಲ್ಲ. ಹೊಸ ಕಣಗಳು ಹುಟ್ಟಲು ಶುರುವಾಗಿವೆ ಎಂದು ಡಾಕ್ಟರ್ ಹೇಳಿದಳು. ಶೆಡ್ಡಿನಲ್ಲಿ ಹಗ್ಗಗಳ ನಡುವೆ ಕೂತು ಮಧ್ಯಾಹ್ನ ಬ್ರೆಡ್ಡು, ಬೇಯಿಸಿದ ಮೊಟ್ಟೆ ತಿಂದೆ. ಬಾಗಿಲು ತೆರೆದಿತ್ತು. ಮೇಲೆ ನನ್ನ ಕ್ರೇನನ್ನು ಬೇರೆಯವನು ನಡೆಸುತ್ತಿದ್ದ. ಚೆನ್ನಾಗಿಯೇ ನಡೆಸುತ್ತಾನೆ. ಕೆಳಗಿನಿಂದ ನೋಡಿದರೆ ಹೊರೆ ಎಷ್ಟು ದೊಡ್ಡದಾಗಿ ಕಾಣುತ್ತದೆ! ಅದು ತಲೆಯ ಮೇಲಿಂದ ಹೋಗುವಾಗ ನೆಲದ ಮೇಲೆ ನೆರಳು ಬರುತ್ತದೆ. ಇಷ್ಟು ವರ್ಷದಲ್ಲಿ ಆ ನೆರಳಿನೊಳಗೆ ನಿಂತೇ ಇರಲಿಲ್ಲ.

ಏಪ್ರಿಲ್ 28

ಈಸ್ಟರ್. ಹಬ್ಬದ ವಾಡಿಕೆಯಂತೆ ಅತ್ತೆಯ ಕೆಂಪು ಮೊಟ್ಟೆಗೆ ನನ್ನ ಮೊಟ್ಟೆ ಕುಟ್ಟಿದೆ, ನನ್ನದೇ ಒಡೆಯಿತು. ಯಾನಿ ಫೋನ್ ಮಾಡಿದಾಗ ಹೇಳಲು ಶುರು ಮಾಡಿದೆ, ಎಲ್ಲ ಹೇಳಿ ಮುಗಿಸಿದೆ.

"ನಾನು ಹೇಗಿದ್ದೀ ಅಂತ ಕೇಳಿದಾಗಲೆಲ್ಲ ಚೆನ್ನಾಗಿದ್ದೀನಿ ಅಂದೆಯಲ್ಲ" ಎಂದ.

"ಹೌದು."

"ಈಗ ಹೇಗಿದ್ದೀ?"

"ಮುಖ ಕುಂಬಳಕಾಯಿ ಆಗಿದೆ. ಮಹಡಿ ಹತ್ತುವಾಗ ಒಂದು ಸಲ ನಿಲ್ತೀನಿ. ಮೊದಲು ಮೂರು ಸಲ ನಿಲ್ತಿದ್ದೆ. ಹೆದರಿಕೆ ಆಗುತ್ತೆ."

ಕಾಯಿಲೆಗೆ ಹೆದರಿಕೆಯೋ ಎಂದು ಕೇಳಿದ. ಅಲ್ಲ ಎಂದೆ.

ಮೇ 17

ಇಂದು ಫಲಿತಾಂಶ. ಹೀಮೋಗ್ಲೋಬಿನ್ ಹನ್ನೆರಡೂಕಾಲು. ಸಿ ಆರ್ ಪಿ ನಾಲ್ಕು. ಹೊರುವ ವಸ್ತು ಇಪ್ಪತ್ತನಾಲ್ಕು ಪಾಲು ತುಂಬಿದೆ. ಫೆರಿಟಿನ್ ನೋಡಿಲ್ಲವೇ ಎಂದೆ.

"ನರಕ್ಕೆ ಕಬ್ಬಿಣ ಕೊಟ್ಟ ಮೇಲೆ ಕೆಲವು ವಾರ ಅದು ಸುಮ್ಮನೆ ಎತ್ತರ ತೋರಿಸುತ್ತೆ. ಆಮೇಲೆ ನೋಡ್ತೀನಿ. ಮೂರು ತಿಂಗಳಿಗೊಮ್ಮೆ ಬರ್ತಾನೇ ಇರಬೇಕು." ಕೆಲಸಕ್ಕೆ ಹೋಗಬಹುದು ಎಂದು ಬರೆದುಕೊಟ್ಟಳು. ಬೇಕೆಂದಾಗ ಇಳಿಯಲು ಬಿಡಬೇಕು ಎಂದೂ ಬರೆದಳು.

ಅಲ್ಲಿಂದ ನೇರ ಗವ್ರಿಲ್‌ನ ಮನೆಗೆ ಹೋದೆ. ಬಾಗಿಲು ತೆಗೆದವಳು ಲೆನೂತ್ಸಾ. ಒಳಗೆ ಬಾ ಎನ್ನಲಿಲ್ಲ, ಬಾಗಿಲನ್ನೂ ಮುಚ್ಚಲಿಲ್ಲ. ಗವ್ರಿಲ್ ಅಡುಗೆಮನೆಯ ಮೇಜಿನ ಹತ್ತಿರ ಕೂತು ಕೈಯ ವ್ಯಾಯಾಮಕ್ಕೆ ರಬ್ಬರ್ ಚೆಂಡು ಅಮುಕುತ್ತಿದ್ದ. ಭುಜ ಒಂದು ಕಡೆ ಸ್ವಲ್ಪ ತಗ್ಗಿದೆ.

ಕಾಗದವನ್ನು ಅವನ ಮುಂದಿಟ್ಟೆ.

"ತನಾಸೆಗೆ ತೋರಿಸಿದ್ಯಾ?"

"ಇನ್ನೂ ಇಲ್ಲ."

ಕನ್ನಡಕ ಹಾಕಿಕೊಂಡ. "ಇದೇನು?"

"ಹೀಮೋಗ್ಲೋಬಿನ್. ಎಂಟು ಚಿಲ್ಲರೆ ಇತ್ತು."

"ಇದು?"

"ಒಳಗೆ ಉರಿ ಇದೆಯಾ ಅಂತ ತೋರಿಸೋದು. ಮೂವತ್ತೆಂಟಿತ್ತು. ಇದು ಸರಿ ಇಲ್ಲದಿದ್ರೆ ಬೇರೆ ಅಂಕಿಗಳನ್ನ ನಂಬೋ ಹಾಗಿಲ್ಲ."

"ಹೋದ ಸಲಾನೂ ಸರಿ ಇದೆ ಅಂತ ಕಾಗದ ತಂದಿದ್ದೆ."

"ಹೋದ ಸಲ ನಾನು ಡಾಕ್ಟರಿಗೆ ಸುಳ್ಳು ಹೇಳಿದ್ದೆ."

ಹಿಂದಿನಿಂದ ಲೆನೂತ್ಸಾ ಹೇಳಿದಳು: "ಮತ್ತೆ ಸುಳ್ಳು ಹೇಳಲ್ಲ ಅಂತ ಯಾವ ಟೆಸ್ಟ್ ತೋರಿಸುತ್ತೆ?"

"ಯಾವುದೂ ಇಲ್ಲ" ಎಂದೆ. ಗವ್ರಿಲ್ ಕಾಗದ ಮಡಿಸಿ ವಾಪಸ್ಸು ಕೊಟ್ಟ. ನನ್ನ ಕೊಕ್ಕೆಯ ಕೆಳಗೆ ಮತ್ತೆ ನಿಲ್ಲುತ್ತೀಯಾ ಎಂದು ಕೇಳಲು ಬಂದಿದ್ದೆ. ಕೇಳಲಿಲ್ಲ. ಅವನಿಗೆ ಗೊತ್ತಿತ್ತು.

"ನೋಡೋಣ" ಎಂದ.

ಮೇ 27

ಮೇಲೆ ಹೋದೆ. ನಡುವಿನ ಅಟ್ಟಣೆಯಲ್ಲಿ ನಿಂತು ಸಮುದ್ರ ನೋಡಿ ಮುಂದೆ ಹತ್ತಿದೆ. ಕೆಳಗೆ ಕೈಸನ್ನೆಗೆ ಬೇರೆಯವನಿದ್ದ, ಪಕ್ಕದ ಕ್ರೇನಿನವನು. ಪ್ರತಿ ಸಲವೂ ಬೇಕಾದ್ದಕ್ಕಿಂತ ಎರಡು ಹೆಜ್ಜೆ ದೂರ ನಿಲ್ಲುತ್ತಾನೆ. ನಿಲ್ಲಲಿ.

ಗವ್ರಿಲ್ ಕೆಲಸಕ್ಕೆ ಬಂದಿದ್ದಾನಂತೆ, ಧಾನ್ಯದ ಹಡಗುಗಳ ಕಟ್ಟೆಯಲ್ಲಿದ್ದಾನಂತೆ.

ಜೂನ್ 6

ಬೆಳಿಗ್ಗೆ ಜೋಳದ ಹಿಟ್ಟಿನ ಗಂಜಿ, ಚೀಸ್ ತಿಂದು ಹೋದೆ. ಹಲಗೆ ತುಂಬುವ ಹಡಗು, ಈ ಸಲ ಲೆಬನಾನಿಗೆ. ಮೇಲೆ ಹೋಗಿ ರೇಡಿಯೊ ಹಾಕಿದರೆ ಗವ್ರಿಲ್‌ನ ದನಿ.

"ಎಡಗೈ ಪೂರ್ತಿ ಮೇಲೆ ಹೋಗಲ್ಲ. ಬಲಗೈ ನೋಡು."

"ಸರಿ" ಎಂದೆ. ಬೇರೆ ಏನೂ ಬಾಯಿಗೆ ಬರಲಿಲ್ಲ.

ಹತ್ತು ಗಂಟೆಯ ಸುಮಾರಿಗೆ ಕಟ್ಟು ಗಾಳಿಯಲ್ಲಿದ್ದಾಗ ಹೊಟ್ಟೆ ಹಿಂಡಿತು. ನಿಧಾನಕ್ಕೆ ವಾಪಸ್ಸು ತಂದು ದಂಡೆಯ ಮೇಲೆ ಇಟ್ಟೆ. ಹಡಗಿನ ಅಧಿಕಾರಿ ಡೆಕ್ಕಿನ ಕಂಬಿಯ ಹತ್ತಿರ ಬಂದು ಕೈ ಆಡಿಸಿ ಕೂಗಾಡಿದ. ತನಾಸೆ ರೇಡಿಯೊದಲ್ಲಿ ಕೇಳಿದ, "ಏನಾಯ್ತು? ಯಾಕೆ ನಿಂತಿತು?"

"ಹೊಟ್ಟೆ. ಇಳೀತಿದ್ದೀನಿ."

ಇಡೀ ಬಂದರಿಗೆ ಕೇಳುವ ಲೈನು ಅದು.

"ಎಷ್ಟು ಹೊತ್ತು?" ಎಂದ ತನಾಸೆ.

"ಹೊಟ್ಟೇನೇ ಕೇಳಬೇಕು."

ಯಾರೋ ನಕ್ಕರು, ಇನ್ಯಾರೋ ಕೆಮ್ಮಿದರು. ಗವ್ರಿಲ್‌ನ ದನಿ ಬಂತು: "ಹಡಗು ಎಲ್ಲೂ ಓಡಿಹೋಗಲ್ಲ. ಏಣಿ ಹಿಡ್ಕೊಂಡು ನಿಧಾನಕ್ಕೆ ಇಳಿ."

ವಾಪಸ್ಸು ಬಂದಾಗ ಅವನು ಏಣಿಯ ಬುಡದಲ್ಲಿದ್ದ.

"ರಕ್ತ?"

"ಇಲ್ಲ."

"ಕಣ್ಣು?"

"ಸರಿಯಾಗಿದೆ. ಹತ್ತುವಾಗ ಮಧ್ಯೆ ಒಂದು ಸಲ ನಿಲ್ತೀನಿ."

"ನಿಲ್ಲು."

ನಿಂತೆ, ಹತ್ತಿದೆ, ಕೂತೆ. ಅವನು ಡೆಕ್ಕಿನ ಮೇಲೆ, ಉಗ್ರಾಣದ ಅಂಚಿಗೆ ಹೋಗಿ ನಿಂತು ಬಲಗೈ ಎತ್ತಿದ. ನಾನು ಹೊರೆ ಎತ್ತಿದೆ.